ಪಿಂಚಣಿ ಖಾಸಗಿಯಾದರೆ ಹೊರೆ ಯಾರ ಮೇಲೆ: ಲೆಕ್ಕ ಹಾಕುವ ಕ್ರಮ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ 2006ರ ಏಪ್ರಿಲ್ 1ರಂದು ಅಥವಾ ಅದರ ನಂತರ ಸರ್ಕಾರಿ ಸೇವೆಗೆ ಸೇರಿದ ಹೆಚ್ಚಿನವರು ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ವ್ಯಾಪ್ತಿಯಲ್ಲಿದ್ದಾರೆ; ಸರ್ಕಾರ ಕೊಡುತ್ತಿದ್ದ ನಿಶ್ಚಿತ ಪಿಂಚಣಿಯ ಬದಲು, ಇಲ್ಲಿ ನೌಕರರ ಖಾತೆಯಲ್ಲಿ ಕೂಡಿದ ಹಣವೇ ಪಿಂಚಣಿಗೆ ಆಧಾರ. ಈ ಬದಲಾವಣೆಯ ಬೆಲೆ ಎಷ್ಟೆಂಬುದನ್ನು ಭಾಷಣ ಕೇಳಿ ತೀರ್ಮಾನಿಸುವುದಕ್ಕಿಂತ, ಕಾಗದ ಹಿಡಿದು ತಾವೇ ಲೆಕ್ಕ ಹಾಕುವುದು ಲೇಸು.

ಮೊದಲು ಸಂಬಳದ ಚೀಟಿಯನ್ನೂ ಪ್ರಾನ್ ಖಾತೆಯ (ಎನ್‌ಪಿಎಸ್‌ನಲ್ಲಿ ಪ್ರತಿ ನೌಕರರಿಗೂ ಇರುವ ಕಾಯಂ ಸಂಖ್ಯೆಯ ಖಾತೆ) ವಿವರಪಟ್ಟಿಯನ್ನೂ ಜೊತೆಗಿಟ್ಟುಕೊಂಡು, ಪ್ರತಿ ತಿಂಗಳು ಕಡಿತವಾದ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10ರಷ್ಟು ಹಣವೂ ಸರ್ಕಾರದ ವಂತಿಗೆಯೂ ಯಾವ ದಿನ ಜಮೆಯಾಗಿವೆ ಎಂದು ನೋಡಬೇಕು. ತಡವಾಗಿ ಜಮೆಯಾದ ಹಣಕ್ಕೆ ಆ ಅವಧಿಯ ಗಳಿಕೆ ಸಿಗುವುದಿಲ್ಲ. ವ್ಯತ್ಯಾಸ ಕಂಡರೆ ಡಿಡಿಓ (ಸಂಬಳದ ಬಿಲ್ಲು ಮಾಡಿ ಬಟವಾಡೆ ಮಾಡುವ ಅಧಿಕಾರಿ) ಅವರಿಗೆ ಲಿಖಿತವಾಗಿಯೇ ತಿಳಿಸಿ, ಸ್ವೀಕೃತಿ ಪಡೆಯಿರಿ.

ಮುಖ್ಯ ಲೆಕ್ಕ ನಿವೃತ್ತಿಯ ದಿನದ್ದು. ಹುಬ್ಬಳ್ಳಿಯ ಹೈಸ್ಕೂಲ್ ಶಿಕ್ಷಕಿಯೊಬ್ಬರ ಕೊನೆಯ ಮೂಲ ವೇತನ 60,000 ರೂಪಾಯಿ, ಖಾತೆಯಲ್ಲಿ ಕೂಡಿದ್ದು 50 ಲಕ್ಷ ಎಂದಿಟ್ಟುಕೊಳ್ಳಿ. ಪೂರ್ಣ ಸೇವೆಯಾಗಿದ್ದರೆ ಹಳೆ ಪದ್ಧತಿಯಲ್ಲಿ ಅವರಿಗೆ ತಿಂಗಳಿಗೆ 30,000 ರೂಪಾಯಿ ಮತ್ತು ಅದರ ಮೇಲೆ ಏರುತ್ತ ಹೋಗುವ ತುಟ್ಟಿಭತ್ಯೆ ಸಿಗುತ್ತಿತ್ತು. ಈಗ ಕನಿಷ್ಠ ಶೇ. 40, ಅಂದರೆ 20 ಲಕ್ಷದಿಂದ ವರ್ಷಾಶನ (ವಿಮಾ ಕಂಪನಿಗೆ ಇಡಿಗಂಟು ಕೊಟ್ಟು ಪಡೆಯುವ ನಿಯಮಿತ ಪಿಂಚಣಿ) ಕೊಳ್ಳಲೇಬೇಕು, ಶೇ. 6ರ ದರ ಹಿಡಿದರೆ ತಿಂಗಳಿಗೆ 10,000 ರೂಪಾಯಿ. ಉಳಿದ 30 ಲಕ್ಷ ಕೈಗೆ ಬರುವುದು ನಿಜ, ಆದರೆ ಬೆಲೆಯೇರಿಕೆಯನ್ನೂ ದೀರ್ಘಾಯುಷ್ಯವನ್ನೂ ಅದರಿಂದಲೇ ನಿಭಾಯಿಸಬೇಕು. ಸರ್ಕಾರ ಹೊರುತ್ತಿದ್ದ ಈ ಅಪಾಯ ಈಗ ಒಂದು ಮನೆಯ ಮೇಲೆ ಬಿದ್ದಿದೆ, ಮತ್ತು ಇದು ನನಗೆ ಅನ್ಯಾಯವೆಂದೇ ಕಾಣುತ್ತದೆ.

ಖಾತೆಯ ಹಣವನ್ನು ಹೂಡಿ ನಿರ್ವಹಿಸುವವರು ಪಡೆಯುವ ಶುಲ್ಕವನ್ನೂ ಮರೆಯಬಾರದು. ತಿಂಗಳಿಗೆ 5,000 ರೂಪಾಯಿಯಂತೆ 30 ವರ್ಷ ಕಟ್ಟಿದರೆ ಶೇ. 8ರಲ್ಲಿ ಸುಮಾರು 74.5 ಲಕ್ಷವಾಗುತ್ತದೆ, ವರ್ಷಕ್ಕೆ ಶೇ. 1 ಶುಲ್ಕಕ್ಕೆ ಹೋದರೆ ಸುಮಾರು 61 ಲಕ್ಷ. ಸದ್ಯ ಎನ್‌ಪಿಎಸ್‌ನಲ್ಲಿ ನಿಧಿ ನಿರ್ವಹಣೆಯ ಶುಲ್ಕ ಇದಕ್ಕಿಂತ ಬಹಳ ಕಡಿಮೆಯಿದೆ.

ಇನ್ನು ಸರ್ಕಾರಕ್ಕೆ ಉಳಿತಾಯವೇ ಎಂದರೆ, ಕೂಡಲೇ ಅಲ್ಲ. ಹಳಬರಿಗೆ ಪಿಂಚಣಿ ಕೊಡುತ್ತಲೇ ಹೊಸಬರ ಖಾತೆಗೂ ವಂತಿಗೆ ತುಂಬಬೇಕಾದ್ದರಿಂದ ಖಜಾನೆಯ ಮೇಲೆ ದಶಕಗಳ ಕಾಲ ಇಮ್ಮಡಿ ಹೊರೆ ಬೀಳುತ್ತದೆ. 1981ರಲ್ಲಿ ಖಾಸಗೀಕರಣ ಮಾಡಿದ ಚಿಲಿ ಈ ಭಾರವನ್ನು ದೀರ್ಘಕಾಲ ಹೊತ್ತಿತು. ಅರ್ಜೆಂಟೀನಾ 2008ರಲ್ಲಿ ಖಾಸಗಿ ಖಾತೆಗಳನ್ನು ಮತ್ತೆ ಸರ್ಕಾರಿ ವ್ಯವಸ್ಥೆಗೆ ಸೇರಿಸಿತು. ನಮ್ಮ ರಾಜ್ಯದ ಹೊರೆ ತಿಳಿಯಲು ಬಜೆಟ್ ಪುಸ್ತಕದಲ್ಲಿ ಪಿಂಚಣಿ ಮತ್ತು ನಿವೃತ್ತಿ ಸೌಲಭ್ಯಗಳ ವೆಚ್ಚ ತೋರಿಸುವ 2071ನೆಯ ಲೆಕ್ಕಶೀರ್ಷಿಕೆಯನ್ನು ತೆರೆದು, ಪಿಂಚಣಿ ವೆಚ್ಚವನ್ನೂ ಎನ್‌ಪಿಎಸ್ ವಂತಿಗೆಯನ್ನೂ ವರ್ಷವಾರು ಎರಡು ಕಾಲಂಗಳಲ್ಲಿ ಬರೆದುಕೊಂಡು ಕೂಡಿಸಬೇಕು.