ಬೆಳ್ಳುಳ್ಳಿ ರಸ, ಬೇವಿನ ಎಣ್ಣೆ ಸಿಂಪಡಿಸುವ ಮುನ್ನ

ಬೆಳ್ಳುಳ್ಳಿ ರಸ ಸಿಂಪಡಿಸಿದರೂ ಬೆಳೆಯ ರೋಗ ನಿಲ್ಲಲಿಲ್ಲ ಎಂದು ಬೇಸರಪಡುವವರನ್ನು ನಾನು ಮೊದಲು ಕೇಳುವುದು, ರಸ ತೆಗೆದು ಎಷ್ಟು ಹೊತ್ತಾಗಿತ್ತು ಎಂದು. ಇಡಿಯಾಗಿರುವ ಎಸಳಿನಲ್ಲಿ ಶಿಲೀಂಧ್ರವನ್ನು ತಡೆಯುವ ಅಲಿಸಿನ್ ಎಂಬ ವಸ್ತು ಇರುವುದೇ ಇಲ್ಲ. ಜಜ್ಜಿದಾಗ ಜೀವಕೋಶಗಳು ಒಡೆದು, ಅಲ್ಲಿಯವರೆಗೆ ಬೇರೆಬೇರೆಯಾಗಿದ್ದ ಅಲಿಯಿನ್ ಎಂಬ ವಸ್ತು ಮತ್ತು ಅಲಿನೇಸ್ ಎಂಬ ಕಿಣ್ವ ಒಂದುಗೂಡಿದ ಮೇಲಷ್ಟೇ ಅದು ಆ ಘಾಟು ವಾಸನೆಯೊಡನೆ ಹುಟ್ಟುತ್ತದೆ. ಕುದಿಸಿದರೆ ಕಿಣ್ವವೇ ಕೆಡುತ್ತದೆ, ಇಟ್ಟರೆ ಅಲಿಸಿನ್ ಕಡಿಮೆಯಾಗುತ್ತ ಹೋಗುತ್ತದೆ. ಆದ್ದರಿಂದ ತಣ್ಣೀರಿನಲ್ಲಿ ನುಣ್ಣಗೆ ಅರೆದು, ತೆಳುಬಟ್ಟೆಯಲ್ಲಿ ಸೋಸಿ, ಅಂದೇ ಬಳಸಿರಿ.

ಎಲೆಯ ಮೇಲೆ ಬೂದಿಯಂಥ ಬಿಳಿ ಪುಡಿ ಕಾಣಿಸುವ ಬೂದಿ ರೋಗಕ್ಕೆ ಬೇವಿನ ಎಣ್ಣೆ ಉಪಯುಕ್ತ. ಇಲ್ಲಿ ಹೆಚ್ಚಿನ ಕೆಲಸ ಮಾಡುವುದು ಬೇವಿನಲ್ಲಿರುವ, ಕೀಟಗಳನ್ನು ತಡೆಯುವ ಅಜಾಡಿರಕ್ಟಿನ್ ಎಂಬ ವಸ್ತು ಅಲ್ಲ, ಎಲೆಯ ಮೇಲೆ ಹರಡಿ ಶಿಲೀಂಧ್ರದ ಬೀಜಕಣಗಳು ಮೊಳೆಯದಂತೆ ನೋಡಿಕೊಳ್ಳುವ ಎಣ್ಣೆಯ ತೆಳುಪದರ. ಹೀಗಾಗಿ ಎಲೆಯ ಕೆಳಮೈ ಬಿಟ್ಟುಹೋದರೆ ರೋಗ ಅಲ್ಲಿಂದಲೇ ಹಬ್ಬುತ್ತದೆ. ಲೀಟರ್ ನೀರಿಗೆ 5 ಮಿಲಿಲೀಟರ್ ಎಣ್ಣೆ ಸಾಕು. ಅದನ್ನು ಮೊದಲು ಸ್ವಲ್ಪ ಸಾಬೂನು ನೀರಿನಲ್ಲಿ ಹಾಲಿನಂತೆ ಬಿಳುಪಾಗುವವರೆಗೆ ಕಲಕಬೇಕು; ಮೇಲೆ ಎಣ್ಣೆಯ ಹನಿಗಳು ತೇಲುತ್ತಿದ್ದರೆ ಸಿಂಪಡಿಸಬೇಡಿರಿ, ಎಲೆ ಸುಡುವ ಭಯವಿದೆ. ಗಂಧಕ ಸಿಂಪಡಿಸಿದ ಎರಡು ವಾರಗಳೊಳಗೆ ಎಣ್ಣೆ ಬೇಡವೇ ಬೇಡ.

ಯಾವುದೇ ಸಸ್ಯಜನ್ಯ ದ್ರಾವಣವನ್ನಾದರೂ ನಾಲ್ಕೈದು ಎಲೆಗಳ ಮೇಲೆ ಪ್ರಯೋಗಿಸಿ ಎರಡು ದಿನ ಕಾದು ನೋಡಿ, ಅನಂತರ ಬಿಸಿಲು ತಗ್ಗಿ ಜೇನುನೊಣಗಳು ಗೂಡಿಗೆ ಮರಳಿದ ಸಂಜೆಯ ಹೊತ್ತು ಸಿಂಪಡಿಸಿರಿ. ಇವು ರೋಗ ಬಾರದಂತೆ ತಡೆಯುವಷ್ಟು ಚೆನ್ನಾಗಿ ಬಂದ ರೋಗವನ್ನು ವಾಸಿಮಾಡಲಾರವು, ಆದುದರಿಂದ ಮೊದಲ ಬಿಳಿಚುಕ್ಕೆ ಕಂಡ ದಿನವೇ ಆ ಎಲೆಯನ್ನು ಕಿತ್ತು, ಉಳಿದ ಗಿಡಗಳಿಗೆ ಸಿಂಪರಣೆ ಆರಂಭಿಸಿರಿ. ಮಳೆ ಸುರಿದರೆ ಮತ್ತೊಮ್ಮೆ.