ಹೊಸ ಡೈನಮೋ ಹಾಕಿದೆ, ಚಾರ್ಜೇ ಆಗಲಿಲ್ಲ

ನಮ್ಮದು ಕೊಪ್ಪಳ ಜಿಲ್ಲೆಯ ಗಂಗಾವತಿ ಕಡೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಟ್ರ್ಯಾಕ್ಟರಿಗೆ ಹಗಲು ರಾತ್ರಿ ಅನ್ನುವುದಿಲ್ಲ. ಹೋದ ಮುಂಗಾರಿನಲ್ಲಿ ಕೇಜ್ ವೀಲ್ ಹಾಕಿ ಗದ್ದೆ ಕೆಸರು ಮಾಡುತ್ತಿದ್ದೆ. ರಾತ್ರಿ ಹೆಡ್‌ಲೈಟ್ ಮಂಕಾಯಿತು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಕ್ ಅಂದು ಸುಮ್ಮನಾಯಿತು.

ಬ್ಯಾಟರಿ ಹೋಯಿತು ಅಂತ ಹೊಸದು ತಂದೆ. ದುಡುಕಿದೆ. ಮೂರನೇ ದಿನ ಮತ್ತೆ ಅದೇ ರಾಗ. ಆಗ ಮೀಟರ್ ಹಿಡಿದೆ. ಎಂಜಿನ್ ಬಂದ್ ಇದ್ದಾಗ 12.1 ವೋಲ್ಟ್. ಸ್ಟಾರ್ಟ್ ಮಾಡಿ ರೇಸ್ ಕೊಟ್ಟರೂ ಮೇಲೆ ಏರಲಿಲ್ಲ. ಎಂಜಿನ್ ಬೆಲ್ಟಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ (ಆಲ್ಟರ್ನೇಟರ್) ಸರಿ ಇದ್ದರೆ 13.8ರಿಂದ 14.4ರ ಒಳಗೆ ಇರಬೇಕು. (ಎಂಜಿನ್ ಓಡುವಾಗಲೇ ಬ್ಯಾಟರಿ ವೈರ್ ಕಿತ್ತು ಪರೀಕ್ಷೆ ಮಾಡುವವರಿದ್ದಾರೆ. ಬೇಡ. ಡೈನಮೋ ಒಳಗಿನ ಡಯೋಡ್ ಸುಟ್ಟು ಹೋಗಬಹುದು.)

ಬೆಲ್ಟ್ ಸಡಿಲ ಮಾಡಿ ಡೈನಮೋ ಪುಲ್ಲಿ ತಿರುಗಿಸಿದರೆ ಗರಗರ ಸದ್ದು. ಕೆಸರು ನೀರು ಹೊಕ್ಕು ಬೇರಿಂಗ್ ತಿಂದಿತ್ತು. ಬಿಚ್ಚಿ ನೋಡಿದರೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಕಡಲೆಕಾಳಿನಷ್ಟು ಉಳಿದಿತ್ತು, ಅದು ಉಜ್ಜುವ ಸ್ಲಿಪ್ ರಿಂಗಿನ ಮೇಲೂ ಗೆರೆ. ಇಷ್ಟಾದ ಮೇಲೆ ಪೂರ್ತಿ ಬದಲಿಸುವುದೇ ವಾಸಿ.

ತೆಗೆಯುವುದು ದೊಡ್ಡ ಕೆಲಸವಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಬೇಕು, ಅಷ್ಟೇ. ಡೈನಮೋ ಹಿಂದಿನ ದಪ್ಪ ವೈರಿನಲ್ಲಿ ಕೀ ತೆಗೆದಿದ್ದರೂ ಕರೆಂಟ್ ಇರುತ್ತೆ. ಅಲ್ಲಿಂದ ಪಾನಾ ಗಾಡಿಯ ಕಬ್ಬಿಣಕ್ಕೆ ತಾಗಿದರೆ ಕಿಡಿ. ವೈರ್ ಎಲ್ಲೆಲ್ಲಿ ಇದ್ದವು ಅಂತ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡೆ. ಹಳೆಯದನ್ನೇ ಅಂಗಡಿಗೆ ಒಯ್ದು, ಬೋಲ್ಟ್ ಕೂರುವ ಕಿವಿ, ಪುಲ್ಲಿ ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ ಹೊಸದು ತಂದೆ.

ಬೆಲ್ಟ್ ಬಿಗಿ ಮಾಡುವಾಗ ಕಾಕಾ ಹಾರೆ ಹಿಡಿದು ಬಂದರು.

"ಕಾಕಾ, ಹಿಂದ್ಲ ಕಡೆ ಮೀಟಬ್ಯಾಡ್ರಿ, ಅಲ್ಯೂಮಿನಿಯಂ ಐತಿ, ಒಡೀತೈತಿ."

"ಗಟ್ಟಿ ಬಿಗದ್ರ ಛಲೋ ಅಲ್ಲೇನೋ ತಮ್ಮಾ?"

ಅಲ್ಲ. ಜಾಸ್ತಿ ಬಿಗಿದರೆ ಹೊಸ ಬೇರಿಂಗೂ ಹೋಗುತ್ತೆ, ವಾಟರ್ ಪಂಪಿನದೂ ಹೋಗುತ್ತೆ. ಮರದ ತುಂಡಿನಿಂದ ಮುಂದಿನ ಕಡೆ ಮೀಟಿ, ಬೆಲ್ಟಿನ ನಡುವೆ ಹೆಬ್ಬೆರಳು ಒತ್ತಿದರೆ 10-12 ಮಿಲಿಮೀಟರ್ ಬಗ್ಗುವಷ್ಟು ಬಿಟ್ಟೆ.

ಸ್ಟಾರ್ಟ್ ಮಾಡಿ ಮೀಟರ್ ಇಟ್ಟರೆ ಮತ್ತೆ 12.2! ಅಂಗಡಿಯವನು ಕೆಟ್ಟ ಮಾಲು ಕೊಟ್ಟ ಅಂತ ಮನಸ್ಸಿನಲ್ಲೇ ಬೈದೆ. ಬೋರ್ಡಿನ ಕಡೆ ಕಣ್ಣು ಹೋದದ್ದು ಆಮೇಲೆ. ಕೀ ಹಾಕಿದಾಗ ಹತ್ತಬೇಕಾದ ಬ್ಯಾಟರಿ ಗುರುತಿನ ಕೆಂಪು ದೀಪ ಹತ್ತುತ್ತಲೇ ಇರಲಿಲ್ಲ. ಕೆಂಪು ದೀಪ ಇಲ್ಲ ಅಂದರೆ ಎಲ್ಲ ಸರಿ ಅಂತ ಇಷ್ಟು ದಿನ ನಂಬಿದ್ದೆ. ನಮ್ಮ ಗಾಡಿಯಲ್ಲಿ ಆ ಬಲ್ಬ್ ಸುಮ್ನೆ ಸೂಚನೆಗಲ್ಲ. ಅದರ ಮೂಲಕವೇ ಡೈನಮೋ ಒಳಗೆ ತಿರುಗುವ ಸುರುಳಿಗೆ (ರೋಟರ್) ಮೊದಲ ಕರೆಂಟ್ ಹೋಗಿ ಕಾಂತ ಹುಟ್ಟುತ್ತೆ. ಆಮೇಲೆ ಅದು ತನ್ನ ಕರೆಂಟಿನಲ್ಲೇ ನಡೆಯುತ್ತೆ. ಬಲ್ಬ್ ಸುಟ್ಟರೆ ದಾರಿಯೇ ಕಟ್.

ಚಿಕ್ಕ ಬಲ್ಬ್ ಬದಲಿಸಿದೆ. ಕೀ ಹಾಕಿದರೆ ಹತ್ತಿತು, ಸ್ಟಾರ್ಟ್ ಆದೊಡನೆ ಆರಿತು. ಮೀಟರ್ 14.1.

ಹಳೇ ಬ್ಯಾಟರಿಯನ್ನು ಚಾರ್ಜಿಗೆ ಹಾಕಿಸಿ ನೋಡಿದರೆ ಮರುದಿನವೂ 12.6 ನಿಂತಿತ್ತು. ಅದೀಗ ಕಾಕಾನ ಟ್ರ್ಯಾಕ್ಟರಿನಲ್ಲಿ ಆರಾಮಾಗಿ ಓಡುತ್ತಿದೆ.