ಶರಾವತಿ ಹಿನ್ನೀರಿನ ದೀರ್ಘ ಪಯಣಕ್ಕೆ ಹಾಯಿದೋಣಿಯನ್ನು ಅಣಿಗೊಳಿಸುವ ಬಗೆ

ಶರಾವತಿ ಹಿನ್ನೀರಿನಲ್ಲಿ ನಾಲ್ಕೈದು ದಿನ ಹಾಯಿದೋಣಿಯಲ್ಲೇ ತಿರುಗಾಡಿ, ರಾತ್ರಿ ದಡದಲ್ಲಿ ತಂಗಿ ಬರಬೇಕೆನ್ನುವವರು ದೋಣಿಗೆ ಕೈಹಚ್ಚುವ ಮುನ್ನ ನೀರಿನಡಿಯ ನೆಲವನ್ನು ತಿಳಿದುಕೊಳ್ಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಊರು, ಗದ್ದೆ, ತೋಟಗಳ ಜೊತೆಗೆ ಕಾಡೂ ಮುಳುಗಿತು. ಆ ಮರಗಳ ಬೊಡ್ಡೆಗಳು ಅನೇಕ ಕಡೆ ಇಂದಿಗೂ ನೀರಿನೊಳಗೆ ನಿಂತಿವೆ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಬೇಸಿಗೆಯಲ್ಲಿ ನೀರು ಬಹಳ ಇಳಿದಾಗ ಬೊಡ್ಡೆಗಳು ಕಣ್ಣಿಗೆ ಕಾಣುತ್ತವೆ, ಹಿರೇಭಾಸ್ಕರದ ಹಳೆಯ ಅಣೆಕಟ್ಟೂ ಮೇಲೇಳುತ್ತದೆ. ಜಲಾಶಯ ತುಂಬಿದಾಗ ಅವು ಆಳದಲ್ಲಿರುತ್ತವೆ. ಇವೆರಡರ ನಡುವಣ ಮಟ್ಟವೇ ಹೆಚ್ಚು ಅಪಾಯದ್ದು, ಏಕೆಂದರೆ ಆಗ ಬೊಡ್ಡೆಯ ತುದಿ ನೀರಿನ ಮೇಲ್ಮೈಯಿಂದ ಒಂದು ಗೇಣು ಕೆಳಗೆ, ಕಣ್ಣಿಗೆ ಬೀಳದಂತೆ ಅಡಗಿರುತ್ತದೆ.

ಜಲಾಶಯದ ಮಟ್ಟವನ್ನು ಮಳೆಗಾಲದುದ್ದಕ್ಕೂ ಪತ್ರಿಕೆಗಳು ಅಡಿಗಳಲ್ಲಿ ಪ್ರಕಟಿಸುತ್ತವೆ. ಅಣೆಕಟ್ಟಿಗಿಂತ ಹಿಂದಿನ ಸರ್ವೇ ನಕ್ಷೆ ಸಿಕ್ಕರೆ, ಅದರ ಸಮೋನ್ನತ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳ) ಎತ್ತರವನ್ನು ಆ ದಿನದ ನೀರಿನ ಮಟ್ಟದಿಂದ ಕಳೆದು ಆಯಾ ಜಾಗದ ಆಳವನ್ನು ಅಂದಾಜು ಮಾಡಬಹುದು: ಮಟ್ಟ 1800 ಅಡಿ ಇದ್ದರೆ, ನಕ್ಷೆಯಲ್ಲಿ 1750 ಅಡಿಯ ರೇಖೆ ಹಾದುಹೋಗುವ ನೆಲದ ಮೇಲೆ ಸುಮಾರು 50 ಅಡಿ ನೀರಿರುತ್ತದೆ. ಆದರೆ ನಕ್ಷೆ ಮರಗಳ ಎತ್ತರವನ್ನು ಹೇಳುವುದಿಲ್ಲ. ಅದಕ್ಕೆ ಮುಳುಗಡೆಯ ಊರುಗಳಲ್ಲಿ ಹುಟ್ಟಿ ಬೆಳೆದ ಹಿರಿಯರನ್ನು, ಹಿನ್ನೀರಿನಲ್ಲಿ ಮೀನು ಹಿಡಿಯುವವರನ್ನು ಕೇಳಬೇಕು. ಎಲ್ಲಿ ಗದ್ದೆಬಯಲಿತ್ತು, ಎಲ್ಲಿ ಕಾನಿತ್ತು, ಹಳೆಯ ರಸ್ತೆ ಎಲ್ಲಿ ಹಾದಿತ್ತು ಎಂಬುದನ್ನು ಅವರಿಂದ ಕೇಳಿ ನಕ್ಷೆಯಲ್ಲಿ ಗುರುತು ಹಾಕಿಕೊಂಡರೆ, ಗದ್ದೆಬಯಲಿನ ಮೇಲಿನ ನೀರು ದೋಣಿಗೆ ಹೆಚ್ಚು ನಿರಾಳವಾದ ದಾರಿಯಾಗುತ್ತದೆ. ಮನೆ ತೊರೆದು ಬಂದವರ ಬಳಿ ಈ ಮಾತು ಎತ್ತುವಾಗ ಅವರ ನೋವನ್ನೂ ಕೇಳಿಸಿಕೊಳ್ಳುವಷ್ಟು ಸಮಯ ಇಟ್ಟುಕೊಂಡು ಹೋಗಬೇಕು.

ದೋಣಿಯ ತಳಕ್ಕೆ ಕದಲದ ಭಾರದ ಕೀಲ್ (ತಳದಿಂದ ನೀರಿಗೆ ಇಳಿದಿರುವ ರೆಕ್ಕೆಯಂಥ ಭಾಗ) ಇದ್ದರೆ ಅದು ಇಲ್ಲಿಗೆ ಹೊಂದುವುದಿಲ್ಲ. ಬಡಿದೊಡನೆ ತಾನಾಗಿ ಹಿಂದಕ್ಕೆ ಮಡಚಿಕೊಳ್ಳುವ ಸೆಂಟರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ತಳದ ನಡುವಿನಿಂದ ನೀರಿಗೆ ಇಳಿಸುವ ಹಲಗೆ) ಮತ್ತು ಮೇಲಕ್ಕೆ ಏಳುವ ಚುಕ್ಕಾಣಿ ಇರುವ ಹದಿನಾರು-ಹದಿನೆಂಟು ಅಡಿಯ ದೋಣಿಯೇ ಸೂಕ್ತ. ಸೆಂಟರ್‌ಬೋರ್ಡಿನ ತಿರುಗುಬೋಲ್ಟನ್ನು ಬಿಚ್ಚಿ, ಸವೆದಿದ್ದರೆ ಬದಲಿಸಬೇಕು. ಚುಕ್ಕಾಣಿಯನ್ನು ಕೆಳಗೆ ಹಿಡಿದಿಡುವ ಹಗ್ಗ ತೀರ ಗಟ್ಟಿಯಾಗಿರಬಾರದು. ಬೊಡ್ಡೆಗೆ ತಾಗಿದಾಗ ಹಗ್ಗ ಹರಿದರೆ ಹತ್ತು ನಿಮಿಷದ ಕೆಲಸ, ಚುಕ್ಕಾಣಿಯೇ ಮುರಿದರೆ ಪಯಣ ಅಲ್ಲಿಗೇ ನಿಲ್ಲುತ್ತದೆ. ಫೈಬರ್‌ಗ್ಲಾಸ್ ತಳವನ್ನು ನಾಣ್ಯದಿಂದ ತಟ್ಟುತ್ತಾ ಹೋದಾಗ ಟೊಳ್ಳು ಸದ್ದು ಬಂದ ಕಡೆ ಪದರ ಬಿಟ್ಟಿದೆಯೆಂದು ತಿಳಿಯಬೇಕು. ಅಲ್ಲಿ ಎಪಾಕ್ಸಿ ಅಂಟು ಹಚ್ಚುವ ಕೆಲಸವನ್ನು ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಮಾಡುವುದು ಒಳ್ಳೆಯದು, ಏಕೆಂದರೆ ಮಳೆಗಾಲದ ತೇವದಲ್ಲಿ ಅದು ಸರಿಯಾಗಿ ಗಟ್ಟಿಯಾಗದೆ ಮೇಲೆ ಜಿಡ್ಡು ಕಟ್ಟುತ್ತದೆ.

ಹಾಯಿಕಂಬವನ್ನು ನಿಲ್ಲಿಸಿಕೊಳ್ಳುವ ಉಕ್ಕಿನ ತಂತಿಗಳ ಮೇಲೆ ಹತ್ತಿಯ ಉಂಡೆಯೊಂದನ್ನು ಎಳೆಯಬೇಕು. ಎಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಎಳೆ ಮುರಿದಿದೆ, ಆ ತಂತಿಯನ್ನು ಬದಲಿಸದೆ ಹೊರಡಬಾರದು. ತಂತಿಯ ತುದಿಗೆ ಒತ್ತಿ ಕೂರಿಸಿದ ಲೋಹದ ಬುಡದಲ್ಲಿ ಕೂದಲೆಳೆಯಂಥ ಬಿರುಕಿದ್ದರೂ ಅಷ್ಟೇ. ಹಾಯಿಯನ್ನು ಮಳೆಗಾಲವಿಡೀ ಅಟ್ಟದ ಮೇಲೆ ಮಡಿಸಿ ಇಟ್ಟಿದ್ದರೆ ಬೂಸು ಬಂದಿರುತ್ತದೆ, ಇಲಿ ಕಡಿದಿರಲೂಬಹುದು. ಅಡಿಕೆ ಒಣಗಿಸುವ ಅಂಗಳ ತೆರವಾದ ದಿನ ಅದನ್ನು ಪೂರ್ತಿ ಹರಡಿ, ತಿಳಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಹೊಲಿಗೆಯೊಂದೊಂದನ್ನೂ ಉಗುರಿನಿಂದ ಕೆರೆದು ನೋಡಬೇಕು. ಗಾಳಿ ಜೋರಾದಾಗ ಹಾಯಿಯ ಕೆಳಭಾಗವನ್ನು ಮಡಿಸಿ ಕಟ್ಟಿ ಕಿರಿದಾಗಿಸುವ ಅಭ್ಯಾಸವನ್ನು ಅದೇ ಅಂಗಳದಲ್ಲಿ, ಕಣ್ಣು ಮುಚ್ಚಿಕೊಂಡು ಮಾಡುವಷ್ಟು ರೂಢಿಸಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಗುಡುಗುಮಳೆಗೆ ಮುನ್ನ ಬೀಸುವ ಗಾಳಿ ಯೋಚಿಸಲು ಸಮಯ ಕೊಡುವುದಿಲ್ಲ. ಆ ಕಾರಣಕ್ಕೆ ನವೆಂಬರಿನಿಂದ ಜನವರಿವರೆಗಿನ ಕಾಲವೇ ಮೇಲು, ಆದರೆ ಬೆಳಗಿನ ಮಂಜು ಕರಗುವವರೆಗೆ ದಡ ಬಿಡಬಾರದು.

ಲಂಗರಿನ ವಿಷಯದಲ್ಲಿ ಇಲ್ಲಿಗೆ ವಿಶೇಷ ಏರ್ಪಾಡು ಬೇಕು. ಲಂಗರಿನ ಕೊಕ್ಕೆಗಳು ಕೂಡುವ ಬುಡಕ್ಕೆ ಇನ್ನೊಂದು ತೆಳು ಹಗ್ಗ ಕಟ್ಟಿ, ಅದರ ಮೇಲ್ತುದಿಗೆ ತೇಲುವ ಡಬ್ಬಿಯೊಂದನ್ನು ಬಿಗಿಯಬೇಕು. ಕೊಕ್ಕೆ ಬೊಡ್ಡೆಗೆ ಸಿಕ್ಕಿಕೊಂಡರೆ ಡಬ್ಬಿಯ ಕಡೆಯಿಂದ ಎಳೆದಾಗ ಲಂಗರು ಹಿಮ್ಮುಖವಾಗಿ ಕಳಚಿ ಬರುತ್ತದೆ. ಮುಖ್ಯ ಹಗ್ಗವನ್ನು ಆಳದ ಐದರಿಂದ ಏಳು ಪಟ್ಟು ಬಿಡಬೇಕು.

ಅಕ್ಕಿ, ಅವಲಕ್ಕಿ, ಉಪ್ಪಿನಕಾಯಿ, ಒಲೆ, ಬಟ್ಟೆಗಳನ್ನು ನೀರು ಹೊಗದ ಚೀಲಗಳಲ್ಲಿ ತುಂಬಿ, ಭಾರವಾದವನ್ನು ದೋಣಿಯ ನಡುಭಾಗದಲ್ಲಿ ತಗ್ಗಿನಲ್ಲಿಟ್ಟು, ಎಲ್ಲವನ್ನೂ ಕಟ್ಟಿಹಾಕಬೇಕು. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಇರಲಿ. ಲೈಫ್ ಜಾಕೆಟ್ಟನ್ನು ತೊಟ್ಟೇ ಇರಬೇಕು, ಅದಕ್ಕೆ ಸೀಟಿ ಕಟ್ಟಿರಬೇಕು. ಗಾಳಿ ಸತ್ತಾಗ ಹುಟ್ಟುಗಳೇ ಗತಿ, ಆದ್ದರಿಂದ ಎರಡು ಜೊತೆ ಒಯ್ಯಬೇಕು. ಹಿನ್ನೀರಿನ ದಡಗಳಲ್ಲಿ ಹಲವು ಭಾಗಗಳು ಅಭಯಾರಣ್ಯಕ್ಕೆ ಸೇರಿರುವುದರಿಂದ ತಂಗುವ ಜಾಗಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ಅಣೆಕಟ್ಟಿನ ಸಮೀಪ ಹೋಗಲೇಬಾರದು. ನೀರಿನ ಮಟ್ಟದಿಂದ ಕಂಬದ ತುದಿಯವರೆಗಿನ ಎತ್ತರವನ್ನು ಅಳೆದು ಬರೆದಿಟ್ಟುಕೊಂಡು, ದಾರಿಯಲ್ಲಿ ಬರುವ ಸೇತುವೆ ಮತ್ತು ವಿದ್ಯುತ್ ತಂತಿಗಳ ಎತ್ತರದೊಡನೆ ಹೋಲಿಸಬೇಕು. 2025ರಲ್ಲಿ ತೆರೆದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ಹೊರಡುವ ಹಿಂದಿನ ವಾರ, ಪೂರ್ತಿ ಸಾಮಾನು ಹೇರಿದ ದೋಣಿಯನ್ನು ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಮಗುಚಿ, ಜೊತೆಗಾರರೇ ಅದನ್ನು ನೆಟ್ಟಗೆ ನಿಲ್ಲಿಸಿ, ನೀರು ಎತ್ತಿ ಹಾಕಿ, ಮತ್ತೆ ಹತ್ತಿ ಕೂರಬೇಕು. ಯಾವ ಚೀಲ ಕಳಚಿತು, ಯಾವ ಗಂಟು ಸಡಿಲಿತು, ಯಾರಿಗೆ ದೋಣಿ ಹತ್ತಲಾಗಲಿಲ್ಲ ಎಂಬುದು ಅಂದೇ ತಿಳಿಯುತ್ತದೆ, ಸರಿಪಡಿಸಿಕೊಳ್ಳಲು ಇನ್ನೂ ಒಂದು ವಾರ ಇರುತ್ತದೆ.